ಪಟ್ಟೆ ಮೀನಿನ ಕೊಳ

ಏಳನೆಯ ಕಂತು

ಬಲೆ ಮೇಲೆ ಬಂತು. ಬಕೆಟ್ಟಿಗೆ ಸುರಿದರು. ಎಣಿಸುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

"ನಾಲ್ಕು," ಎಂದಳು ಜೀವವಿಜ್ಞಾನಿ ಡಾಕ್ಟರ್ ಶೈಮಾ.

"ಹೋದ ವಾರ ಹನ್ನೊಂದಿತ್ತಲ್ಲ?" ಕಜೆತಾನ್ ಸಿಕ್ವೇರಾ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

"ಇವತ್ತು ನಾಲ್ಕು ಅಂಕಲ್. ಅದ್ರಲ್ಲಿ ಫೀಮೇಲ್ ಒಂದೇ."

ಬಕೆಟ್ಟಿನಲ್ಲಿ ಉಳಿದದ್ದೆಲ್ಲ ಗಪ್ಪಿ. ಕೆಂಪು ಬಾಲ, ನೀಲಿ ಬಾಲ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಂಡರೆ ಮಕ್ಕಳು ಅತ್ತು ಕರೆದು ಕೊಡಿಸಿಕೊಳ್ಳುವಷ್ಟು ಚಂದ. ಆ ಚಂದದ ಹಿಂಡು ಒಂದೇ ತಿಂಗಳಲ್ಲಿ ಕೊಳದ ಮೊಟ್ಟೆ ಮರಿಗಳನ್ನೆಲ್ಲ ತಿಂದು ಮುಗಿಸಿತ್ತು. ತನ್ನ ಮೈಯ ರೋಗವನ್ನೂ ಅಲ್ಲಿಯ ಹಳೆಯ ಮೀನುಗಳಿಗೆ ಅಂಟಿಸಿತ್ತು.

ಹಳೆಯ ಮೀನು ಎಂದರೆ ಬೆರಳುದ್ದದ ಪಟ್ಟೆ ಮೀನು. ದೋಹಾದಿಂದ ಅಲ್ ಖೋರ್ ಪಟ್ಟಣ ದಾಟಿ ಉತ್ತರಕ್ಕೆ ಹೋದರೆ ಸಿಗುವ ಈ ತೋಟದ ಮೂಲೆಯಲ್ಲಿ ಸ್ವಲ್ಪ ಉಪ್ಪಾದ ನೀರಿನ ಒರತೆಯೊಂದಿದೆ. ಯಾವ ಕಾಲದಿಂದಲೋ ಅದರಲ್ಲಿ ಬದುಕಿಕೊಂಡಿದ್ದ ಮೀನು. ಅದರ ಸುತ್ತ ಬೇಲಿ ಹಾಕಿ, ಮರುಭೂಮಿಯ ಸ್ವಂತ ಹುಲ್ಲಾದ ಥುಮಾಮನ್ನು ಬುಡ ಬುಡ ನೆಟ್ಟು, ಶೈಮಾ ಐದು ವರ್ಷ ಬಿಸಿಲು ತಿಂದಿದ್ದಳು. ಈಗ ಹುಲ್ಲಿನ ನಡುವೆ ಬಳ್ಳಾರಿ ಜಾಲಿ ಎದ್ದಿತ್ತು, ಕೊಳದಲ್ಲಿ ಗಪ್ಪಿ. ಯಾರ ಕೆಲಸ ಇದು? ಮೂರು ವಾರದಿಂದ ಕಜೆತಾನ್ ಹುಡುಕುತ್ತಿದ್ದದ್ದು ಅದನ್ನೇ.

ಹುಡುಕುವುದಕ್ಕೆ ಅವರೇನು ಪೊಲೀಸರೇ? ವೆಸ್ಟ್ ಬೇಯಲ್ಲಿರುವ ತೋಟದ ಧಣಿಯ ಆಫೀಸಿನಲ್ಲಿ ಆಡಳಿತಾಧಿಕಾರಿ, ನಿವೃತ್ತಿಗೆ ಎರಡು ತಿಂಗಳು. ಆದರೆ ಕಳೆದುಹೋದ ಪಾಸ್‌ಪೋರ್ಟಿನಿಂದ ಹಿಡಿದು ಪ್ಯಾಂಟ್ರಿಯ ಟೀಪುಡಿಯವರೆಗೆ ಎಲ್ಲದರ ಕಳ್ಳನನ್ನೂ ಕಂಡುಹಿಡಿದವರು ಅವರೇ. ಆ ಹೆಸರು ತಲೆಗೆ ಏರಿತ್ತು ಎನ್ನದೆ ವಿಧಿಯಿಲ್ಲ.

"ಅಂಕಲ್, ನಂಗೆ ಒಂದು ನೇಮ್ ಬೇಕು," ಎಂದಳು ಶೈಮಾ. ಹುಟ್ಟಿ ಬೆಳೆದದ್ದೆಲ್ಲ ದೋಹಾ, ಅವಳ ಕನ್ನಡ ಮನೆಯ ಅಜ್ಜಿಯ ಹತ್ತಿರ ಕಲಿತದ್ದು. "ಮಧ್ಯಾಹ್ನ ಒಂದು ಗಂಟೆ ಒಳಗೆ. ಮೂರಕ್ಕೆ ಇಬ್ರಾಹಿಂ ಕಾಕನ್ನ ಏರ್‌ಪೋರ್ಟ್‌ಗೆ ಕರ್ಕೊಂಡು ಹೋಗ್ತಾರೆ. ಸಂಜೆ ಕಲ್ಲಿಕೋಟೆ ಫ್ಲೈಟು. ಅವ್ರು ಮಾಡಿಲ್ಲ ಅಂದ್ರೆ ಯಾರು ಮಾಡಿದ್ರು ಅಂತ ಕಫೀಲ್ ಕೇಳ್ತಾರೆ. ನಾನೆಂತ ಹೇಳ್ಲಿ?"

ಕಫೀಲ್ ಎಂದರೆ ತೋಟದ ಧಣಿ. ಇವರೆಲ್ಲರ ವೀಸಾ ಆತನ ಹೆಸರಿನಲ್ಲಿತ್ತು. ಆತ ಬೇಡವೆಂದರೆ ಮುಗಿಯಿತು, ಮತ್ತೆ ಈ ದೇಶದೊಳಗೆ ಕಾಲಿಡಲು ಬಿಡುವುದಿಲ್ಲ.

ಇಬ್ರಾಹಿಂ ಉಪ್ಪಿನಂಗಡಿಯ ಬ್ಯಾರಿ. ಇಪ್ಪತ್ತಮೂರು ವರ್ಷದಿಂದ ಇದೇ ತೋಟದ ಕಾವಲು. ಜಾಲಿಯ ತಪ್ಪು ಅವನದೇ, ಅವನೇ ಒಪ್ಪಿದ್ದ. ಹುಲ್ಲು ಸೊರಗಿದೆಯೆಂದು ಪಕ್ಕದ ತೋಟದಿಂದ ಆಡಿನ ಗೊಬ್ಬರ ತಂದು ಬುಡಕ್ಕೆ ಹಾಕಿದ್ದ. ನಮ್ಮ ಕಡೆಯವರಲ್ಲವೇ, ಗೊಬ್ಬರ ಹಾಕದೆ ಏನಾದರೂ ಬೆಳೆಯುತ್ತದೆಂದು ಹೇಗೆ ನಂಬಬೇಕು? ಆ ಆಡುಗಳು ಮೇಯ್ದದ್ದು ಜಾಲಿಯ ಕಾಯಿ. ಬೀಜವೆಲ್ಲ ಗೊಬ್ಬರದೊಂದಿಗೆ ಬಂದು ಮೊಳೆಯಿತು.

ಹುಲ್ಲು ಕೆಡಿಸಿದವನೇ ಮೀನನ್ನೂ ಕೆಡಿಸಿರಬೇಕು. ಕಜೆತಾನ್ ಧಣಿಗೆ ಕೊಟ್ಟ ತಮ್ಮ ಮೊದಲ ವರದಿಯಲ್ಲಿ ಬರೆದದ್ದು ಹೀಗೇ. ಆಗ ಅದು ಎಷ್ಟು ಸರಿ ಎನ್ನಿಸಿತ್ತು!

ಈಗ ಎನ್ನಿಸುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೊಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮೀನು ಎಣಿಸುವವನು, ಅವಕ್ಕೆ ಜ್ವರ ಬಂತೆಂದು ತಾನು ಊಟ ಬಿಡುವವನು, ಅದರೊಳಗೆ ಗಪ್ಪಿ ಬಿಟ್ಟಾನೇ?

"ಪಂಪಿನ ರಿಜಿಸ್ಟರ್ ನೋಡಿದ್ರಾ?" ಶೈಮಾ ಕೇಳಿದಳು. "ಮೇ ತಿಂಗಳ ಒಂದು ಪೇಜ್ ಕಾಕ ಹರಿದಿದ್ದಾರೆ. ತಪ್ಪಿಲ್ಲದಿದ್ರೆ ಯಾಕೆ ಹರಿಬೇಕು?"

ಕಜೆತಾನ್ ಬಕೆಟ್ಟಿನ ಬಳಿಯಿಂದ ಎದ್ದರು. ಟೋಪಿ ಸರಿಮಾಡಿಕೊಂಡು ಇಬ್ರಾಹಿಮನ ಕೋಣೆಯತ್ತ ನಡೆದರು. ಜೂನ್ ತಿಂಗಳು, ಒಂಬತ್ತು ಗಂಟೆಗೇ ಮರಳು ಚಪ್ಪಲಿಯ ಮೂಲಕ ಸುಡುತ್ತಿತ್ತು.

ಕೋಣೆಯ ಹಿಂದೆ ಸಿಮೆಂಟಿನ ಟ್ಯಾಂಕಿ. ಇಬ್ರಾಹಿಂ ಮೀಯುವುದು, ಬಟ್ಟೆ ಒಗೆಯುವುದು ಅದರ ನೀರಿನಲ್ಲಿ. ಮೂರು ವಾರದಲ್ಲಿ ಕಜೆತಾನ್ ಅದರ ಪಕ್ಕದಲ್ಲಿ ಎಷ್ಟೋ ಸಲ ಓಡಾಡಿದ್ದರು, ಒಮ್ಮೆಯೂ ಮುಚ್ಚಳ ತೆಗೆದು ನೋಡಿರಲಿಲ್ಲ. ಕೊಳದ ಮೀನು ಹುಡುಕುವವನು ಬಟ್ಟೆ ಒಗೆಯುವ ನೀರನ್ನು ಯಾಕೆ ನೋಡಬೇಕು?

ಈ ಸಲ ತೆಗೆದರು.

ಒಳಗೆ ಗಪ್ಪಿ. ಕೊಳದಲ್ಲಿದ್ದವಕ್ಕಿಂತ ದೊಡ್ಡವು, ಹೊಟ್ಟೆ ಉಬ್ಬಿದ ಹಳೆಯ ಹೆಣ್ಣುಗಳು. ಅಂದರೆ ಸಂಸಾರ ಶುರುವಾದದ್ದು ಇಲ್ಲಿ, ಕೊಳಕ್ಕೆ ಹೋದದ್ದು ಆಮೇಲೆ. ಮುಚ್ಚಿಟ್ಟ ನೀರಿನಲ್ಲಿ ಒಂದೇ ಒಂದು ಸೊಳ್ಳೆಮರಿಯಿಲ್ಲ.

ಕಜೆತಾನರಿಗೆ ಅರ್ಥವಾಯಿತು. ಮಂಗಳೂರಿನವರಿಗಲ್ಲದೆ ಇನ್ನಾರಿಗೆ ಅರ್ಥವಾಗಬೇಕು? ಮಲೇರಿಯಾದ ವರ್ಷಗಳಲ್ಲಿ ಊರಿನ ಬಾವಿ ಬಾವಿಗೂ ಗಪ್ಪಿ ಬಿಡುತ್ತಿದ್ದರು. ಸೊಳ್ಳೆಮರಿ ತಿನ್ನಲಿ ಎಂದು. ಇದು ಹಾಳುಮಾಡಲು ಬಂದವರ ಕೆಲಸವಲ್ಲ. ನಮ್ಮವರೇ ಯಾರೋ, ಇಬ್ರಾಹಿಮನಿಗೆ ಒಳ್ಳೆಯದಾಗಲೆಂದು ಮಾಡಿದ ಉಪಕಾರ.

ಟ್ಯಾಂಕಿಯ ಹಿಂದಿನ ಸಂದಿಯಲ್ಲಿ ಗಾಜಿನ ಬಾಟಲಿಯೊಂದು ಬಿದ್ದಿತ್ತು. ಬಾಯಿಗೆ ಬಟ್ಟೆ ಕಟ್ಟಿದ್ದರು, ಮೀನಿಗೆ ಉಸಿರಾಡಲು. ಕಜೆತಾನ್ ಅದನ್ನೆತ್ತಿ ಧೂಳು ಊದಿದರು. ಬಟ್ಟೆಯ ಹಳದಿ ನೆಲದ ಮೇಲೆ ನೇರಳೆ ಹೂವು.

ಅವರ ಕೈ ಅಲ್ಲೇ ನಿಂತಿತು.

"ಅದನ್ನು ಬಿಡಿ ಪೊರ್ಬುಗಳೇ," ಹಿಂದಿನಿಂದ ದನಿ ಬಂತು. ಊರ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಹೆಸರು ಅದು. ಇಬ್ರಾಹಿಂ ಬಾಗಿಲಲ್ಲಿ ನಿಂತಿದ್ದ. ಒಳಗೆ ಮಂಚದ ಮೇಲೆ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ. "ಹಳೇ ಬಾಟ್ಲಿ ಅದು."

"ಯಾರು ತಂದದ್ದು ಬ್ಯಾರಿಗಳೇ?"

"ಯಾರೂ ಅಲ್ಲ."

"ಟ್ಯಾಂಕಿಗೆ ಮೀನು ಬಿಟ್ಟದ್ದು ಯಾರು?"

"ನಾನೇ ಅಂತ ಬರೀರಿ. ಮೊದಲು ಬರೆದಿದ್ದೀರಲ್ಲ, ಅದೇ ಇರ್ಲಿ. ಖಲಾಸ್."

"ನೀವು ಹಾಗೆ ಹೊತ್ತುಕೊಂಡು ಹೋದ್ರೆ ಮತ್ತೆ ಬರ್ಲಿಕ್ಕಿಲ್ಲ. ಗೊತ್ತುಂಟಲ್ಲ?"

ಇಬ್ರಾಹಿಂ ನಕ್ಕ. ನಗು ಬರಬೇಕಾದ ಜಾಗವೇ ಅಲ್ಲ ಅದು. "ಇಪ್ಪತ್ತಮೂರು ವರ್ಷ ಆಯ್ತು ಪೊರ್ಬುಗಳೇ, ಸಾಕಲ್ಲ? ಒಂದೇ ಒಂದು ಬೇಜಾರು. ಊರಲ್ಲಿ ಕೇಳಿದ್ರೆ ಎಂತ ಹೇಳೋದು? ಮೀನು ನೋಡ್ಲಿಕ್ಕೆ ಇಟ್ಟವನೇ ಮೀನು ಕೊಂದ ಅಂತವಾ? ನನ್ನ ಹೆಂಡ್ತಿ ಆಯಿಷಮ್ಮ ಕೂಡ ನನ್ನನ್ನು ನಂಬ್ಲಿಕ್ಕಿಲ್ಲ."

ಆ ಮಾತು ಕಜೆತಾನರ ಎದೆಗೇ ನಾಟಿತು. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಕಾರು ಹತ್ತಿದರು.

ಆ ಬಟ್ಟೆಯನ್ನು ಅವರೇ ಕೊಂಡದ್ದು. ಮೂರು ವರ್ಷದ ಹಿಂದೆ ರಜೆಯಲ್ಲಿ, ಹಂಪನಕಟ್ಟೆಯ ಅಂಗಡಿಯಲ್ಲಿ, ಹೆಂಡತಿಯ ನೈಟಿಗೆಂದು. "ಇದೆಂಥ ಕಲರ್ ಮಾರಾಯ್ರೆ, ಸರ್ಕಸ್ಸಿನವರ ಹಾಗೆ," ಎಂದು ಜರ್ಟ್ರೂಡ್ ಬೈದಿದ್ದಳು. ಬೈದರೂ ಹೊಲಿಸಿದ್ದಳು. ಉಳಿದ ತುಂಡು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯಲು.

ಇಂಥ ಬಟ್ಟೆ ಲೋಕದಲ್ಲಿ ಒಂದೇ ಇದೆಯೇ? ಕಜೆತಾನ್ ದಾರಿಯುದ್ದಕ್ಕೂ ತಮ್ಮೊಂದಿಗೆ ತಾವೇ ವಾದಿಸಿದರು. ನೂರು ಮನೆಯಲ್ಲಿರಬಹುದು. ಮಲಯಾಳಿಗಳ ಮನೆಯಲ್ಲೂ ಇರಬಹುದು. ಬೇರೆಯವರ ಹೆಂಡತಿಯದಾಗಿದ್ದರೆ ಈ ವಾದಕ್ಕೆ ಅವರು ಒಂದು ನಿಮಿಷವನ್ನೂ ಕೊಡುತ್ತಿರಲಿಲ್ಲ, ಅದು ಬೇರೆ ವಿಷಯ.

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಫ್ಲಾಯ್ಡನಿಗೆ ಫೋನ್ ಮಾಡಿದರು. ಆಫೀಸಿನ ಅಕೌಂಟೆಂಟ್, ಶಿರ್ವದ ಹುಡುಗ, ಮನೆಯಲ್ಲಿ ಗೋಡೆಯಷ್ಟು ದೊಡ್ಡ ಅಕ್ವೇರಿಯಂ ಇಟ್ಟವನು. ಕಜೆತಾನರ ಅನುಮಾನದ ಪಟ್ಟಿಯಲ್ಲಿ ಇಬ್ರಾಹಿಮನ ನಂತರದ ಹೆಸರು ಅವನದೇ.

"ಫ್ಲಾಯ್ಡ್, ನಿನ್ನ ಗಪ್ಪಿ ಯಾರಿಗಾದ್ರೂ ಕೊಟ್ಟದ್ದುಂಟಾ?"

"ಇಲ್ಲ ಅಂಕಲ್." ಸ್ವಲ್ಪ ತಡೆದು, "ಆಂಟಿಗೆ ಬಿಟ್ರೆ."

"ಯಾವ ಆಂಟಿ?"

"ನಮ್ಮ ಆಂಟಿ ಅಂಕಲ್. ಜರ್ಟ್ರೂಡ್ ಆಂಟಿ. ಜನವರಿಯಲ್ಲಿ, ನಾವೆಲ್ಲ ತೋಟಕ್ಕೆ ಪಿಕ್‌ನಿಕ್ ಹೋಗಿದ್ದೆವಲ್ಲ, ಅದರ ಮಾರನೇ ವಾರ. ಒಂದು ಡಜನ್ ಕೇಳಿದ್ರು, ಕೊಟ್ಟೆ. ಯಾಕೆ, ಎಂತಾಯ್ತು?"

"ಎಂತದೂ ಇಲ್ಲ. ಇಡು ಫೋನು."

ಅಲ್ ಹಿಲಾಲಿನ ತಮ್ಮ ಫ್ಲ್ಯಾಟಿನ ಬಾಗಿಲು ತೆರೆದಾಗ ಹನ್ನೊಂದೂವರೆ. ಜರ್ಟ್ರೂಡ್ ಅಡುಗೆಮನೆಯ ನೆಲದಲ್ಲಿ ಪೇಪರ್ ಹಾಸಿ ಕೂತು ಬಸಳೆ ದಂಟು ತುಂಡು ಮಾಡುತ್ತಿದ್ದಳು. ಬಾಲ್ಕನಿಯ ಕುಂಡದಲ್ಲಿ ತಾನೇ ಬೆಳೆಸಿದ ಬಸಳೆ. ಮೂವತ್ತು ವರ್ಷ ನರ್ಸಾಗಿದ್ದವಳು, ಹೋದ ವರ್ಷವಷ್ಟೇ ನಿವೃತ್ತಿ.

"ಇಷ್ಟು ಬೇಗ? ಹುಷಾರಿಲ್ವಾ?"

ಕಜೆತಾನ್ ಬಾಟಲಿಯನ್ನು ಪೇಪರಿನ ಮೇಲೆ, ಬಸಳೆಯ ಪಕ್ಕದಲ್ಲಿಟ್ಟರು.

"ಓ, ಇದು ಎಲ್ಲಿತ್ತು?" ಎಂದಳು ಜರ್ಟ್ರೂಡ್. ಮುಖದಲ್ಲಿ ಭಯವಿಲ್ಲ, ಕಳ್ಳತನವಿಲ್ಲ. ಕಳೆದ ವಸ್ತು ಸಿಕ್ಕಿದ ಖುಷಿ ಮಾತ್ರ. "ಇಬ್ರಾಹಿಮಿಗೆ ಹೇಳಿದ್ದೆ, ಬಾಟ್ಲಿ ವಾಪಸ್ ಕಳಿಸಿ ಅಂತ."

ಕಜೆತಾನ್ ನಿಂತೇ ಕೇಳಿದರು.

"ನೀನಾ ಮೀನು ಬಿಟ್ಟದ್ದು?"

"ಹೌದು. ಟ್ಯಾಂಕಿಗೆ."

"ನನಗೆ ಹೇಳ್ಬೇಕಿತ್ತಲ್ಲ!"

"ಎಂತ ಹೇಳೋದು? ಪಿಕ್‌ನಿಕ್ಕಿನ ದಿನ ಮುಚ್ಚಳ ತೆಗೆದು ನೋಡ್ತೇನೆ, ನೀರೆಲ್ಲ ಸೊಳ್ಳೆಮರಿ ಕುಣೀತಾ ಉಂಟು. ಆ ಮನುಷ್ಯ ಅದ್ರಲ್ಲೇ ಮೀಯೋದು, ಅದ್ರ ಪಕ್ಕದಲ್ಲೇ ಮಲಗೋದು. ನಿಮಗೆ ಹೇಳಿದ್ರೆ ಒಂದು ಫಾರ್ಮ್ ತುಂಬಿಸಿ ಅಂತೀರಿ. ನಾನೇ ಟ್ಯಾಕ್ಸಿ ಮಾಡ್ಕೊಂಡು ಹೋಗಿ ಬಿಟ್ಟು ಬಂದೆ." ಚೂರಿ ಕೆಳಗಿಟ್ಟಳು. "ಅಪೊಲೋನಿಯಾ ನೆನಪಿಲ್ವಾ ನಿಮಗೆ?"

ನೆನಪಿಲ್ಲದೆ ಏನು? ಜರ್ಟ್ರೂಡಳ ತಂಗಿಯ ಮಗಳು. ಒಂಬತ್ತು ವರ್ಷದ ಹುಡುಗಿ, ಮಲೇರಿಯಾ ಮಿದುಳಿಗೇರಿ ಮೂರು ದಿನದಲ್ಲಿ ಹೋದಳು.

"ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಬಾವಿಗೆ ಗಪ್ಪಿ ಬಿಟ್ರು," ಎಂದಳು ಜರ್ಟ್ರೂಡ್. "ಹದಿನೈದು ದಿನ ಮೊದ್ಲು ಬಿಟ್ಟಿದ್ರೆ? ಆವತ್ತಿನಿಂದ ನಿಂತ ನೀರು ನೋಡಿದ್ರೆ ನನಗೆ ಆಗುದಿಲ್ಲ. ಈಗೆಂತ, ತಪ್ಪಾಯ್ತಾ?"

"ಆ ಗಪ್ಪಿ ಕೊಳ ಸೇರಿದೆ ಜರ್ಟ್ರೂಡ್. ಶೈಮಾನ ಮೀನೆಲ್ಲ ಹೋಯ್ತು. ನಾಲ್ಕು ಉಳಿದಿದೆ."

ಅವಳು ಬಸಳೆಯನ್ನು ಪಕ್ಕಕ್ಕೆ ಸರಿಸಿದಳು.

ಹೇಳಬಾರದಿತ್ತು, ಆದರೆ ಕಜೆತಾನರ ಬಾಯಿ ನಿಲ್ಲಲಿಲ್ಲ. "ಆ ಪಟ್ಟೆ ಮೀನಿನ ಊಟವೇ ಸೊಳ್ಳೆಮರಿಯಂತೆ. ಶೈಮಾ ಹೇಳ್ತಿದ್ಲು. ಕೊಳದಿಂದ ನಾಲ್ಕು ಹಿಡಿದು ಟ್ಯಾಂಕಿಗೆ ಬಿಟ್ಟಿದ್ರೆ ಸಾಕಿತ್ತು. ಕೇಳಿದ್ರೆ ಅವಳೇ ಕೊಡ್ತಿದ್ಲು."

ಜರ್ಟ್ರೂಡ್ ಸೆರಗಿಲ್ಲದ ನೈಟಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಅಯ್ಯೋ ದೇವರೇ. ಆ ಹುಡುಗಿ ಐದು ವರ್ಷ ಅದರ ಹಿಂದೆಯೇ ಇದ್ಲಲ್ಲ." ಆಮೇಲೆ ತಲೆಯೆತ್ತಿದಳು. "ಇಬ್ರಾಹಿಂ ನನ್ನ ಹೆಸರು ಹೇಳ್ಲಿಲ್ವಾ?"

"ಇಲ್ಲ. ತಾನೇ ಅಂತಿದ್ದಾನೆ. ಇವತ್ತು ಸಂಜೆ ಕಳಿಸ್ತಾರೆ."

"ಹುಚ್ಚ ಅವನು!" ಜರ್ಟ್ರೂಡ್ ಎದ್ದೇಬಿಟ್ಟಳು. "ಅವನ ಅಪೆಂಡಿಕ್ಸ್ ಆಪರೇಷನ್ ಆದಾಗ ಹತ್ತು ದಿನ ಗಂಜಿ ಕೊಟ್ಟೆ, ಅದಕ್ಕೆ ಇದಾ? ಬರೀರಿ ನನ್ನ ಹೆಸರು. ಈಗಲೇ ಬರೀರಿ. ಟ್ಯಾಂಕಿಗೆ ಬಿಟ್ಟದ್ದು ಜರ್ಟ್ರೂಡ್ ಸಿಕ್ವೇರಾ ಅಂತ."

"ಬರೀತೇನೆ."

"ಆದ್ರೆ ಒಂದು ನೋಡಿ." ನರ್ಸುಗಳ ತಲೆ, ಅಳುವಿನ ನಡುವೆಯೂ ಕೆಲಸ ಮಾಡುತ್ತದೆ. "ನಾನು ಬಿಟ್ಟದ್ದು ಟ್ಯಾಂಕಿಗೆ ಮಾತ್ರ. ಕೊಳ ಎಲ್ಲಿ, ಟ್ಯಾಂಕಿ ಎಲ್ಲಿ? ಮೀನು ನಡ್ಕೊಂಡು ಹೋಗ್ತದಾ? ಟ್ಯಾಂಕಿಯಿಂದ ಕೊಳಕ್ಕೆ ಹೋಗುವ ಪೈಪಿನ ವಾಲ್ವಿಗೆ ಇಬ್ರಾಹಿಂ ಬಟ್ಟೆ ಸುತ್ತಿ ಗಟ್ಟಿ ಕಟ್ಟಿದ್ದ. ನನ್ನೆದುರೇ ಕಟ್ಟಿದ್ದು. ಬಾಯಮ್ಮ, ಬಾಯಮ್ಮ ಅಂತ ನನ್ನನ್ನು ಕರೆದು, ಇದು ಆ ಕಡೆ ಹೋಗ್ಬಾರ್ದು ಅಂತ ಹೇಳಿ ಹೇಳಿ ಕಟ್ಟಿದ. ಅದನ್ನು ಬಿಚ್ಚಿದ್ದು ಯಾರು?"

ಕಜೆತಾನರಿಗೆ ಒಂದು ಫೋನ್ ನೆನಪಾಯಿತು.

ಮೇ ತಿಂಗಳ ಮಧ್ಯದ ಒಂದು ಬುಧವಾರ. ಬೋರ್‌ವೆಲ್ಲಿನ ಮೋಟಾರು ಸುಟ್ಟಿತ್ತು, ಕೊಳದ ನೀರು ಇಳಿಯುತ್ತಿತ್ತು. ಶೈಮಾ ರಜೆಯಲ್ಲಿ. ಇಬ್ರಾಹಿಂ ಆಫೀಸಿಗೆ, ಇವರಿಗೇ ಫೋನ್ ಮಾಡಿ, ಏನು ಮಾಡಲಿ ಎಂದು ಕೇಳಿದ್ದ. ವೆಸ್ಟ್ ಬೇಯ ಹದಿನಾಲ್ಕನೇ ಮಹಡಿಯಲ್ಲಿ ಏಸಿಯ ತಣ್ಣಗಿನ ಗಾಳಿ. ಎದುರಿಗೆ ಬೇರೆ ಹತ್ತು ಫೈಲು.

"ಟ್ಯಾಂಕಿಯಲ್ಲಿ ನೀರುಂಟಲ್ಲ? ಅದನ್ನೇ ಕೊಳಕ್ಕೆ ಬಿಡಿ."

"ಪೊರ್ಬುಗಳೇ, ಅದು ಬೇಡ ಅಂತ. ಟ್ಯಾಂಕಿಯದ್ದು ಬೇರೆ ಒಂದು ವಿಷಯ ಉಂಟು..."

"ನೀರಿನಲ್ಲಿ ಎಂಥ ವಿಷಯ? ನೀರು ನೀರೇ. ಹೇಳಿದಷ್ಟು ಮಾಡು!"

ಮಾಡು ಎಂದಿದ್ದರು. ಇಪ್ಪತ್ತು ವರ್ಷದ ಪರಿಚಯದಲ್ಲಿ ಮೊದಲ ಸಲ ಏಕವಚನ. ಇಬ್ರಾಹಿಂ ಆಯ್ತು ಎಂದಷ್ಟೇ ಹೇಳಿ ಫೋನಿಟ್ಟಿದ್ದ. ಮಾಡಿದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕ್ರಮ, ಯಾರು ಹೇಳಿದರು ಎಂಬುದನ್ನೂ ಸೇರಿಸಿ. ಆ ಹಾಳೆಯಲ್ಲಿ ಯಾರ ಹೆಸರಿತ್ತು, ಅದನ್ನು ಯಾತಕ್ಕೆ ಹರಿದ ಎಂದು ಈಗ ಯಾರೂ ಹೇಳಬೇಕಿರಲಿಲ್ಲ.

ಎಂಥ ಪತ್ತೇದಾರ! ಮೂರು ವಾರ ಊರೆಲ್ಲ ಹುಡುಕಿದ. ಎರಡು ಹೆಜ್ಜೆಗುರುತು ಸಿಕ್ಕಿತು, ಎರಡೂ ಅವನ ಮನೆಯವೇ.

"ನಾನು," ಎಂದರು ಕಜೆತಾನ್. "ವಾಲ್ವ್ ಬಿಡ್ಲಿಕ್ಕೆ ಹೇಳಿದ್ದು ನಾನು. ಅವನು ಬೇಡ ಅಂದ, ನಾನು ಕೇಳ್ಲಿಲ್ಲ."

ಜರ್ಟ್ರೂಡ್ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಫೋನ್ ತೆಗೆದು ಶೈಮಾಳ ನಂಬರ್ ಒತ್ತಿದರು. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಸಮಯವಿದೆ, ಎಂದು ಮನಸ್ಸಿನಲ್ಲೇ ಹೇಳಿಕೊಂಡರು.

"ಶೈಮಾ, ಹೆಸರು ಬರ್ಕೊಳ್ಳಿ. ಟ್ಯಾಂಕಿಗೆ ಗಪ್ಪಿ ಬಿಟ್ಟದ್ದು ನನ್ನ ಹೆಂಡ್ತಿ, ಗೊತ್ತಿಲ್ಲದೆ. ಟ್ಯಾಂಕಿಯಿಂದ ಕೊಳಕ್ಕೆ ಬಿಡ್ಸಿದ್ದು ನಾನು. ಇಬ್ರಾಹಿಮನ ತಪ್ಪು ಏನೇನೂ ಇಲ್ಲ."

ಆ ಕಡೆ ಗಂಡಸರ ದನಿಗಳು, ಅರಬ್ಬಿಯಲ್ಲಿ.

"ಅಂಕಲ್... ನೀವಾ?"

"ಹೌದಮ್ಮ. ನಾನೇ."

"ಲೇಟ್ ಆಯ್ತು ಅಂಕಲ್. ಪೊಲೀಸ್ ಬಂದಿದ್ದಾರೆ."

"ಪೊಲೀಸಾ? ಎಂತಕ್ಕೆ? ಫ್ಲೈಟ್ ಅಂತ ಹೇಳಿದ್ದಲ್ಲ?"

"ನಿಮ್ಮ ಫಸ್ಟ್ ರಿಪೋರ್ಟ್ ಉಂಟಲ್ಲ, ಕಫೀಲ್ ಅದನ್ನ ಅರಬ್ಬಿಗೆ ಟ್ರಾನ್ಸ್‌ಲೇಟ್ ಮಾಡಿಸಿದ್ರು. ಇವತ್ತು ಬೆಳಿಗ್ಗೆ ಓದಿದ್ರಂತೆ. ಅದ್ರಲ್ಲಿ ನೀವು ಬರ್ದಿದ್ದೀರಿ, ಬೇಕಂತಲೇ ಮಾಡಿದ್ದು ಅಂತ. ಬೇಕಂತ ಮಾಡಿದ್ರೆ ಬರೀ ವೀಸಾ ಕ್ಯಾನ್ಸಲ್ ಅಲ್ಲ ಅಂಕಲ್, ಕೇಸು. ಇಬ್ರಾಹಿಂ ಕಾಕ ಒಂದೂ ಮಾತಾಡ್ದೆ ಸೈನ್ ಮಾಡಿದ್ರು."

ಬೇಕೆಂದೇ. ಆ ಪದಕ್ಕೆ ಇಂಗ್ಲಿಷಿನಲ್ಲಿ ತೂಕದ ಶಬ್ದವೊಂದನ್ನು ಡಿಕ್ಷನರಿಯಲ್ಲಿ ಹುಡುಕಿ ಹಾಕಿದ್ದರು ಕಜೆತಾನ್. ಗೊತ್ತಿಲ್ಲದೆ ಎಂದು ಬರೆದರೆ ವರದಿ ಸಪ್ಪೆಯಾಗುತ್ತದೆ ಎನ್ನಿಸಿತ್ತು. ಬರೆದು ಮುಗಿಸಿ, ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡಿದ್ದರು.

ಫೋನು ಕೈ ಬದಲಾಯಿತು.

"ಪೊರ್ಬುಗಳೇ." ಇಬ್ರಾಹಿಮನ ದನಿ. ಮೆಲ್ಲಗೆ, ಬೇಗ ಬೇಗ. "ಈ ಹುಡುಗಿ ಅಳ್ತಾ ಉಂಟು. ನೀವು ಎಂತ ಹೇಳಿದ್ರಿ ಅವಳಿಗೆ?"

"ಸತ್ಯ ಹೇಳಿದೆ. ಇಬ್ರಾಹಿಂ, ನನ್ನನ್ನು ಕ್ಷಮಿಸಿ, ನಾನೀಗಲೇ ಬರ್ತೇನೆ..."

"ಬರ್ಬೇಡಿ! ಕೇಳಿ ಇಲ್ಲಿ. ನಾನು ಮಾಡಿದ್ದು ಅಂತ ಇವರೆದುರು ಸೈನ್ ಹಾಕಿ ಆಯ್ತು. ಈಗ ನೀವು ಬಂದು ಬೇರೆ ಹೇಳಿದ್ರೆ ನಾನು ಪೊಲೀಸಿಗೆ ಸುಳ್ಳು ಹೇಳಿದ ಹಾಗೆ. ರಿಜಿಸ್ಟರ್ ಹರಿದದ್ದೂ ಬರ್ತದೆ. ಒಂದು ಕೇಸಿನ ಜಾಗದಲ್ಲಿ ಮೂರು. ನಿಮಗೂ ಕಷ್ಟ, ಬಾಯಮ್ಮನಿಗೂ ಕಷ್ಟ, ನನಗೆ ಬಿಡುಗಡೆಯೂ ಇಲ್ಲ. ನನಗೆ ಉಪಕಾರ ಮಾಡ್ಬೇಕು ಅಂತಿದ್ರೆ ಸುಮ್ಮನಿರಿ. ಮಾಫಿ ಕಲಾಂ, ಮಾತೇ ಬೇಡ. ಆ ಹುಡುಗಿ ಹತ್ರ ನಾನು ಮಾತಾಡ್ತೇನೆ."

"ಇಬ್ರಾಹಿಂ..."

ಹಿಂದಿನಿಂದ ಯಾರೋ ಯಲ್ಲಾ, ಯಲ್ಲಾ ಎಂದು ಅವಸರ ಮಾಡಿದರು. ಫೋನು ಕಟ್ಟಾಯಿತು.

ಕಜೆತಾನ್ ಮತ್ತೆ ಒತ್ತಿದರು. ಸ್ವಿಚ್ ಆಫ್.

ಬಾಯಿ ಬಿಟ್ಟರೂ ಅವನಿಗೇ ಏಟು, ಮುಚ್ಚಿದರೂ ಅವನಿಗೇ ಏಟು. ಮೂವತ್ತು ವರ್ಷ ಫಾರ್ಮುಗಳ ನಡುವೆ ಬದುಕಿದ ಮನುಷ್ಯ, ಇದಕ್ಕೆ ತುಂಬಿಸುವ ಫಾರ್ಮು ಯಾವುದೆಂದು ತಿಳಿಯದೆ ನಿಂತರು.

"ಎಂತ ಹೇಳಿದ್ರು?" ಜರ್ಟ್ರೂಡ್ ಕೇಳಿದಳು.

ಹೇಳಿದರು. ಒಂದೊಂದೇ ಮಾತು, ಒಂದನ್ನೂ ಬಿಡದೆ.

ಅವಳು ಕೇಳಿಸಿಕೊಂಡಳು. ಒಳಗೆ ಹೋಗಿ ಸೀರೆ ಉಟ್ಟು ಬಂದಳು. ಹ್ಯಾಂಡ್‌ಬ್ಯಾಗಿಗೆ ತನ್ನ ಪಾಸ್‌ಪೋರ್ಟ್ ಹಾಕಿಕೊಂಡಳು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದಳು.

"ಅವನು ಬರ್ಬೇಡಿ ಅಂದದ್ದು ನಿಮಗೆ," ಎಂದಳು. "ನನಗೆ ಯಾರೂ ಎಂತದೂ ಹೇಳ್ಲಿಲ್ಲ. ಪೊಲೀಸ್ ಸ್ಟೇಷನಿಗೆ ನೀವು ಬರ್ತೀರಾ, ನಾನೊಬ್ಬಳೇ ಹೋಗ್ಬೇಕಾ?"